ರಿಕ್ಟರ್ ಕತ್ತಲೆಯಲ್ಲಿ ಕುಳಿತು ನುಡಿಸುತ್ತಿದ್ದುದೇಕೆ? ಅವರ ಕಲಿಕೆ ಮತ್ತು ಬದುಕಿನ ಬಗ್ಗೆ ಕೆಲವು ಪ್ರಶ್ನೆಗಳು

ಪಿಯಾನೊ ವಿದ್ಯಾರ್ಥಿ:

ಎಲ್ಲರಿಗೂ ನಮಸ್ಕಾರ. ಪಿಯಾನೊ ವಾದಕ ಸ್ವಿಯಾಟೊಸ್ಲಾವ್ ರಿಕ್ಟರ್ ಅವರ ಬಗ್ಗೆ ಕೇಳಿದ ಕೆಲವು ಮಾತುಗಳು ಎಷ್ಟರ ಮಟ್ಟಿಗೆ ನಿಜವೆಂದು ತಿಳಿದವರಿಂದ ಖಚಿತಪಡಿಸಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ. ನಾನು ಪಿಯಾನೊ ಕಲಿಯಲು ತೊಡಗಿದ್ದು ಇಪ್ಪತ್ತಾರನೆಯ ವಯಸ್ಸಿನಲ್ಲಿ. ಈಗ ಮೂರನೆಯ ವರ್ಷ ನಡೆಯುತ್ತಿದೆ. ಮೊದಲು ನನಗೆ ಪಾಠ ಹೇಳಿದವರೊಬ್ಬರು, ಹತ್ತು ವರ್ಷದೊಳಗೆ ಕೂರದ ಕೈ ಆಮೇಲೆ ಕೂರುವುದಿಲ್ಲವೆಂದು ಹೇಳಿ ಪಾಠವನ್ನೇ ನಿಲ್ಲಿಸಿಬಿಟ್ಟರು. ಆ ಬೇಸರದಲ್ಲಿದ್ದಾಗಲೇ, ರಿಕ್ಟರ್ ಇಪ್ಪತ್ತೆರಡರ ವಯಸ್ಸಿನವರೆಗೆ ಯಾವ ಗುರುವಿನ ಬಳಿಯೂ ಕ್ರಮವಾಗಿ ಕಲಿತವರಲ್ಲ ಎಂಬ ಮಾತು ನನ್ನ ಕಣ್ಣಿಗೆ ಬಿತ್ತು. ಅದು ನಿಜವೇ, ನಿಜವಾದರೆ ಅದು ಹೇಗೆ ಸಾಧ್ಯವಾಯಿತು ಎಂಬುದು ನನ್ನ ಮೊದಲ ಪ್ರಶ್ನೆ.

ಎರಡನೆಯದು, ಅವರ ಕೊನೆಗಾಲದ ಕಛೇರಿಗಳ ಕುರಿತಾದದ್ದು. ಸಭಾಂಗಣದ ದೀಪಗಳನ್ನೆಲ್ಲ ಆರಿಸಿ, ಸ್ವರಪುಸ್ತಕದ ಮೇಲೆ ಬೀಳುವಷ್ಟು ಮಾತ್ರ ಬೆಳಕಿರುವ ಒಂದು ಸಣ್ಣ ದೀಪವನ್ನಿಟ್ಟುಕೊಂಡು ಅವರು ನುಡಿಸುತ್ತಿರುವ ದೃಶ್ಯಗಳನ್ನು ನೋಡಿದ್ದೇನೆ. ಜಗತ್ತೆಲ್ಲ ನೋಡಬಯಸುತ್ತಿದ್ದ ವ್ಯಕ್ತಿ ತನ್ನನ್ನು ಯಾರೂ ನೋಡಬಾರದೆಂದು ಬಯಸಿದ್ದೇಕೆ? ಇದಲ್ಲದೆ, ಅವರ ಧ್ವನಿಮುದ್ರಣಗಳು ನೂರಾರು ಇರುವುದರಿಂದ ಯಾವುದನ್ನು ಮೊದಲು ಕೇಳಬೇಕೆಂದು ತಿಳಿಸಿದರೆ ಉಪಕಾರವಾಗುತ್ತದೆ.

ಹಳೆಯ ತಟ್ಟೆಗಳು:

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಹೌದು ಎಂದೇ ಆದರೂ, ಆ ಹೌದಿನ ಹಿಂದಿರುವುದನ್ನು ತಿಳಿಯದೆ ಅದರಿಂದ ಸಮಾಧಾನ ಪಟ್ಟುಕೊಳ್ಳುವುದು ಸರಿಯಾಗಲಾರದು. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ರಿಕ್ಟರ್ ಹುಟ್ಟಿದ್ದು 1915ರ ಮಾರ್ಚ್ 20ರಂದು, ಇಂದಿನ ಉಕ್ರೇನಿನಲ್ಲಿರುವ, ಆಗ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ಝಿಟೊಮಿರ್ ಪಟ್ಟಣದಲ್ಲಿ. ತಂದೆ ಟಿಯೋಫಿಲ್ ಜರ್ಮನ್ ಮೂಲದವರು. ವಿಯೆನ್ನಾದಲ್ಲಿ ಸಂಗೀತ ಕಲಿತು ಬಂದು, ಒಡೆಸಾ ನಗರದ ಲೂಥರನ್ ಚರ್ಚಿನಲ್ಲಿ ಆರ್ಗನ್ ನುಡಿಸುತ್ತ, ಅಲ್ಲಿನ ಸಂಗೀತ ವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದವರು. ತಾಯಿ ಅನ್ನಾ ರಷ್ಯನ್ ಮನೆತನದವರು. ಮಗನಿಗೆ ಅಕ್ಷರಾಭ್ಯಾಸದಂತೆ ಮೊದಲ ಪಾಠಗಳನ್ನು ಹೇಳಿದವರು ತಂದೆಯೇ. ಆದರೆ ಹುಡುಗ ಬೆರಳಿನ ಸಾಧನೆಯ ಪಾಠಗಳಿಗೆ ಕೂರುವವನಾಗಿರಲಿಲ್ಲ. ಮನೆಯಲ್ಲಿದ್ದ ಒಪೆರಾಗಳ ಸ್ವರಪುಸ್ತಕಗಳನ್ನು ಎದುರಿಗಿಟ್ಟುಕೊಂಡು, ವಾಗ್ನರ್ ಮೊದಲಾದವರ ಕೃತಿಗಳನ್ನು ಮೊದಲಿನಿಂದ ಕೊನೆಯವರೆಗೆ ನುಡಿಸಿ ನೋಡುವುದೇ ಅವನ ಅಭ್ಯಾಸವಾಗಿತ್ತು. ಹದಿಹರೆಯದಲ್ಲೇ ಗಾಯಕರಿಗೆ ಪಿಯಾನೊ ನುಡಿಸುವ ಕೆಲಸಕ್ಕೆ ಸೇರಿ, ಬಳಿಕ ಒಡೆಸಾದ ಒಪೆರಾ ಮಂದಿರದಲ್ಲಿ ತಾಲೀಮುಗಳಿಗೆ ಪಿಯಾನೊ ನುಡಿಸುವವರಾದರು. ಇಡೀ ವಾದ್ಯವೃಂದ ನುಡಿಸಬೇಕಾದದ್ದನ್ನು ಎರಡೇ ಕೈಗಳಲ್ಲಿ, ಎದುರಿಗೆ ಹಾಡುವವರ ಉಸಿರನ್ನು ಅನುಸರಿಸುತ್ತ, ತಡವರಿಸದೆ ಒದಗಿಸಬೇಕಾದ ಕೆಲಸವದು. ಯಾವ ಗುರುಕುಲವೂ ಇದಕ್ಕಿಂತ ಕಠಿಣವಾಗಿರಲಾರದು ಎಂದು ನನಗೆ ಅನ್ನಿಸುತ್ತದೆ. 1934ರಲ್ಲಿ ಒಡೆಸಾದ ಎಂಜಿನಿಯರುಗಳ ಭವನದಲ್ಲಿ ಅವರು ತಮ್ಮ ಮೊದಲ ಏಕವಾದನ ಕಛೇರಿಯನ್ನು ಕೊಟ್ಟಾಗ ಅದರಲ್ಲಿ ಇದ್ದದ್ದೆಲ್ಲ ಶೊಪ್ಯಾನ್ ರಚನೆಗಳೇ.

1937ರಲ್ಲಿ ಮಾಸ್ಕೋಗೆ ಹೋಗಿ, ಅಲ್ಲಿನ ಸಂಗೀತ ವಿದ್ಯಾಲಯದಲ್ಲಿ ಪಿಯಾನೊ ಗುರುಗಳಾಗಿದ್ದ ಹೈನ್ರಿಖ್ ನಾಯ್‌ಹೌಸ್ ಅವರೆದುರು ನುಡಿಸಿದರು. ಈ ಯುವಕ ಅಸಾಧಾರಣ ಪ್ರತಿಭಾವಂತನೆಂದು ಪಕ್ಕದಲ್ಲಿದ್ದವರೊಡನೆ ನಾಯ್‌ಹೌಸ್ ಪಿಸುನುಡಿದರೆಂಬುದು ಪ್ರಸಿದ್ಧವಾದ ಸಂಗತಿ. ಸಂಗೀತದ ಹೊರತು ಬೇರೆ ಪಾಠಗಳಿಗೆ, ಅದರಲ್ಲೂ ರಾಜಕೀಯ ಸಿದ್ಧಾಂತದ ತರಗತಿಗಳಿಗೆ, ಹಾಜರಾಗದ ಕಾರಣ ವಿದ್ಯಾಲಯ ಅವರನ್ನು ಹೊರಹಾಕಿತು. ನಾಯ್‌ಹೌಸ್ ಹಟ ಹಿಡಿದು ಮತ್ತೆ ಕರೆಸಿಕೊಂಡರು. ಮಾಸ್ಕೋದಲ್ಲಿ ಮನೆಯಿಲ್ಲದ ಶಿಷ್ಯ ಗುರುವಿನ ಮನೆಯ ಪಿಯಾನೊದ ಅಡಿಯಲ್ಲೇ ಮಲಗುತ್ತಿದ್ದ. ಪದವಿ ಕೈಗೆ ಬಂದದ್ದು 1947ರಲ್ಲಿ. ಅಷ್ಟರಲ್ಲಿ ಸೋವಿಯತ್ ರಚನಕಾರ ಪ್ರೊಕೊಫಿಯೆವ್ ಅವರ ಆರನೆಯ ಸೊನಾಟಾವನ್ನು (ಹಲವು ಭಾಗಗಳ ಪಿಯಾನೊ ಕೃತಿ) 1940ರಲ್ಲೇ ಮಾಸ್ಕೋದಲ್ಲಿ ನುಡಿಸಿ, ಏಳನೆಯದನ್ನು ನಾಲ್ಕೇ ದಿನಗಳಲ್ಲಿ ಕಲಿತು 1943ರ ಜನವರಿಯಲ್ಲಿ ಮೊದಲ ಬಾರಿಗೆ ಜನರ ಮುಂದಿಟ್ಟು, 1945ರ ಅಖಿಲ ಸೋವಿಯತ್ ಸ್ಪರ್ಧೆಯಲ್ಲಿ ಮೊದಲ ಬಹುಮಾನವನ್ನು ಹಂಚಿಕೊಂಡದ್ದೂ ಆಗಿತ್ತು. ಒಂಬತ್ತನೆಯ ಸೊನಾಟಾವನ್ನು ಪ್ರೊಕೊಫಿಯೆವ್ ಇವರಿಗೇ ಅರ್ಪಿಸಿದರು.

ಹೊರಗಿನ ಜಗತ್ತಿಗೆ ಮಾತ್ರ ಅವರು ಬಹುಕಾಲ ಹೆಸರಾಗಿಯಷ್ಟೇ ಉಳಿದಿದ್ದರು. ನಾಯ್‌ಹೌಸ್ ಅವರ ಇನ್ನೊಬ್ಬ ಶಿಷ್ಯರೂ ಒಡೆಸಾದವರೇ ಆದವರೂ ಆದ ಎಮಿಲ್ ಗಿಲೆಲ್ಸ್ 1955ರಲ್ಲಿ ಅಮೆರಿಕದಲ್ಲಿ ಭಾರಿ ಮೆಚ್ಚುಗೆ ಪಡೆದಾಗ, ರಿಕ್ಟರ್ ಅವರನ್ನು ಕೇಳುವವರೆಗೆ ಕಾಯಿರಿ ಎಂಬ ಅರ್ಥದ ಮಾತನ್ನು ಅಲ್ಲಿನವರಿಗೆ ಹೇಳಿದ್ದರು. ತನಗೆ ಚಪ್ಪಾಳೆ ಬೀಳುತ್ತಿರುವ ಹೊತ್ತಿನಲ್ಲಿ ಇನ್ನೊಬ್ಬರ ಹೆಸರು ಹೇಳುವ ಆ ದೊಡ್ಡತನ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. 1960ರ ಅಕ್ಟೋಬರ್ 15ರಂದು ಷಿಕಾಗೋದಲ್ಲಿ ಬ್ರಾಹ್ಮ್ಸ್ ಅವರ ಎರಡನೆಯ ಕನ್ಸರ್ಟೊ (ಪಿಯಾನೊ ಮತ್ತು ವಾದ್ಯವೃಂದ ಜೊತೆಗೂಡಿ ನುಡಿಸುವ ಕೃತಿ), ಅದಾದ ಕೆಲವೇ ದಿನಗಳಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ಸಾಲುಸಾಲಾಗಿ ಕಛೇರಿಗಳು: ಆ ಶರತ್ಕಾಲದಿಂದಾಚೆಗೆ ಅವರನ್ನು ಪರಿಚಯಿಸುವ ಅಗತ್ಯ ಯಾರಿಗೂ ಬೀಳಲಿಲ್ಲ.

ಹಾಗಾಗಿ, ಗುರುವಿಲ್ಲದೆ ಕಲಿತವರೆಂಬುದು ನಿಜ, ಆದರೆ ಸಂಗೀತವಿಲ್ಲದೆ ಬೆಳೆದವರಲ್ಲ. ನಿಮ್ಮ ಹಿಂದಿನ ಶಿಕ್ಷಕರ ಮಾತನ್ನು ಸುಳ್ಳಾಗಿಸಲು ರಿಕ್ಟರ್ ಉದಾಹರಣೆ ಒದಗುವುದಿಲ್ಲ. ಹಾಗೆಯೇ ಆ ಮಾತು ಸರಿಯೆಂದೂ ನಾನು ಒಪ್ಪುವುದಿಲ್ಲ. ತಪ್ಪಾದರೂ ನಿಲ್ಲಿಸದೆ ಇಡೀ ಕೃತಿಯನ್ನು ಕೊನೆಮುಟ್ಟಿಸುವ ಅವರ ಬಾಲ್ಯದ ಅಭ್ಯಾಸವನ್ನು ನೀವು ವಾರಕ್ಕೊಂದು ಸಲವಾದರೂ ಮಾಡಿ ನೋಡಬಹುದು.

ಮೊದಲು ಕೇಳಬೇಕಾದದ್ದು 1958ರ ಫೆಬ್ರವರಿಯಲ್ಲಿ ಬಲ್ಗೇರಿಯಾದ ಸೋಫಿಯಾ ನಗರದಲ್ಲಿ ನುಡಿಸಿದ, ರಷ್ಯನ್ ರಚನಕಾರ ಮುಸೋರ್ಗ್‌ಸ್ಕಿಯ "ಚಿತ್ರಪ್ರದರ್ಶನದ ಚಿತ್ರಗಳು". ಚಳಿಗಾಲದ ಸಭೆ, ಕೆಮ್ಮು ನಿಲ್ಲುವುದೇ ಇಲ್ಲ, ಅಲ್ಲಲ್ಲಿ ತಪ್ಪು ಸ್ವರಗಳೂ ಬಿದ್ದಿವೆ. ಆದರೂ ಕೊನೆಯ ಕೀವ್ ಮಹಾದ್ವಾರದ ಭಾಗಕ್ಕೆ ಬರುವ ಹೊತ್ತಿಗೆ ಆ ಕೆಮ್ಮು ನಿಮ್ಮ ಕಿವಿಗೆ ಬೀಳುವುದನ್ನೇ ಬಿಟ್ಟಿರುತ್ತದೆ.

ಮಂದ್ರ:

ಮೇಲಿನ ಬರಹ ತುಂಬ ಚೆನ್ನಾಗಿದೆ. ಆದರೆ ಅದರಲ್ಲಿ ಒಂದು ದೊಡ್ಡ ಸಂಗತಿ ಬಿಟ್ಟುಹೋಗಿರುವುದರಿಂದ, ಕತ್ತಲೆಯ ಪ್ರಶ್ನೆಗೆ ನನಗೆ ತೋಚಿದ ಉತ್ತರವನ್ನು ಅಲ್ಲಿಂದಲೇ ಆರಂಭಿಸುತ್ತೇನೆ.

1941ರಲ್ಲಿ ಯುದ್ಧ ಒಡೆಸಾದ ಹೊಸಿಲಿಗೆ ಬಂದಾಗ ರಿಕ್ಟರ್ ಮಾಸ್ಕೋದಲ್ಲಿದ್ದರು. ಊರು ಬಿಟ್ಟು ಹೋಗಲು ತಂದೆತಾಯಿಗಳಿಗೆ ಅವಕಾಶವಿತ್ತು. ತಾಯಿ ಹೊರಡಲು ಒಪ್ಪಲಿಲ್ಲ. ಅವರಿಗೆ ಕೊಂದ್ರಾತಿಯೆವ್ ಎಂಬ ಇನ್ನೊಬ್ಬ ಸಂಗೀತಗಾರರೊಡನೆ ಆಪ್ತತೆ ಬೆಳೆದಿತ್ತು, ಅವರನ್ನು ಬಿಟ್ಟು ಬರಲಾರೆನೆಂಬುದೇ ಕಾರಣ. ಹೆಂಡತಿಯಿಲ್ಲದೆ ತಾನೂ ಹೋಗುವುದಿಲ್ಲವೆಂದು ತಂದೆ ಅಲ್ಲೇ ಉಳಿದರು. ಜರ್ಮನ್ ಹೆಸರೇ ಅಪರಾಧವಾಗಿದ್ದ ಕಾಲವದು. ಅವರನ್ನು ಗೂಢಚಾರನೆಂದು ಬಂಧಿಸಿ, ನಗರ ಶತ್ರುಗಳ ವಶವಾಗುವುದಕ್ಕೆ ಕೆಲವೇ ದಿನಗಳ ಮೊದಲು, ಅಕ್ಟೋಬರ್ ತಿಂಗಳಲ್ಲಿ ಗುಂಡಿಟ್ಟು ಕೊಂದರು. ಕೊಂದದ್ದು ಶತ್ರು ಸೇನೆಯಲ್ಲ, ಸೋವಿಯತ್ ಅಧಿಕಾರಿಗಳೇ. ತಾಯಿ ಆ ಇನ್ನೊಬ್ಬರನ್ನು ಮದುವೆಯಾಗಿ ಜರ್ಮನಿಗೆ ಹೊರಟುಹೋದರು. ಆತ ರಿಕ್ಟರ್ ಎಂಬ ಹೆಸರನ್ನೇ ತನ್ನದಾಗಿಸಿಕೊಂಡರು. ತಾಯಿ ಮತ್ತು ಮಗ ಮತ್ತೆ ಮುಖ ನೋಡಿದ್ದು ಸುಮಾರು 19 ವರ್ಷಗಳ ಬಳಿಕ, ಮೇಲೆ ಹೇಳಿದ ಆ 1960ರ ಅಮೆರಿಕ ಪ್ರವಾಸದಲ್ಲಿ. ಜಗತ್ತು ವಿಜಯವೆಂದು ಬರೆದುಕೊಂಡ ಆ ವಾರಗಳಲ್ಲಿ ಅವರ ಮನಸ್ಸಿನಲ್ಲಿ ಏನು ನಡೆಯುತ್ತಿತ್ತೆಂದು ಯೋಚಿಸಿದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ.

ತಂದೆಯನ್ನು ಕೊಂದ ಅದೇ ರಾಜ್ಯ 1950ರಲ್ಲಿ ಮಗನಿಗೆ ಸ್ಟಾಲಿನ್ ಪ್ರಶಸ್ತಿಯನ್ನು ಕೊಟ್ಟಿತು. 1953ರ ಮಾರ್ಚಿನಲ್ಲಿ ಸ್ಟಾಲಿನ್ ತೀರಿಕೊಂಡಾಗ ಟ್ಬಿಲಿಸಿಯಲ್ಲಿದ್ದ ಅವರನ್ನು ಹೂಮಾಲೆಗಳನ್ನು ತುಂಬಿದ ವಿಮಾನದಲ್ಲಿ ಕರೆತಂದು, ಶವವನ್ನಿಟ್ಟಿದ್ದ ಸಭಾಂಗಣದಲ್ಲಿ, ಪೆಡಲ್ ಸರಿಯಿಲ್ಲದ ಪಿಯಾನೊದ ಮೇಲೆ ಬಾಖ್ ರಚನೆಗಳನ್ನು ನುಡಿಸಲು ಕೂರಿಸಿದರು. ಅವರಿಗೆ ಆಪ್ತರಾಗಿದ್ದ ಪ್ರೊಕೊಫಿಯೆವ್ ತೀರಿಕೊಂಡದ್ದೂ ಸ್ಟಾಲಿನ್ ಸತ್ತ ಮಾರ್ಚ್ 5ರಂದೇ. ಯಾರ ಕಣ್ಣಿಗೂ ಬೀಳದೆ ಇರಬೇಕೆಂಬ ಬಯಕೆ ಇಂಥ ಬದುಕನ್ನು ಬಾಳಿದವರಲ್ಲಿ ಹುಟ್ಟದಿದ್ದರೇ ಆಶ್ಚರ್ಯ. ಕತ್ತಲೆ ಅವರಿಗೆ ಒಂದು ಆಸರೆಯಾಗಿತ್ತೆಂದು ನಾನು ನಂಬುತ್ತೇನೆ.

ಕಪ್ಪು ಬಿಳುಪು:

ಮಂದ್ರ ಅವರೇ, ನೀವು ಬರೆದ ಘಟನೆಗಳಲ್ಲಿ ಒಂದನ್ನೂ ನಾನು ಅಲ್ಲಗಳೆಯುವುದಿಲ್ಲ. ಅವುಗಳಿಂದ ನೀವು ತಲುಪಿದ ತೀರ್ಮಾನವನ್ನು ಮಾತ್ರ ಒಪ್ಪಲಾರೆ. ತಂದೆಯ ಸಾವು 1941ರದು. ಸಭಾಂಗಣವನ್ನು ಕತ್ತಲೆಯಾಗಿಸುವ ಪದ್ಧತಿ ಅವರಲ್ಲಿ ನೆಲೆಯಾದದ್ದು 1980ರ ಸುಮಾರಿಗೆ. ನಡುವಿನ ನಲವತ್ತು ವರ್ಷ ಅವರು ಎಲ್ಲರಂತೆ ಬೆಳಕಿನಲ್ಲೇ, ಸ್ವರಪುಸ್ತಕವಿಲ್ಲದೆ, ನೆನಪಿನಿಂದಲೇ ನುಡಿಸಿದವರು. ಒಂದು ದೊಡ್ಡ ದುಃಖವನ್ನು ಎತ್ತಿಕೊಂಡು ಬದುಕಿನ ಎಲ್ಲ ನಡೆಗಳಿಗೂ ಅದನ್ನೇ ಬೀಗದ ಕೈಯಾಗಿಸಿದರೆ, ಕಲಾವಿದ ತನ್ನ ಕೆಲಸದ ಬಗ್ಗೆ ಯೋಚಿಸಿ ಕೈಗೊಂಡ ನಿರ್ಧಾರ ನಮಗೆ ಕಾಣಿಸದೇ ಹೋಗುತ್ತದೆ.

ಅವರೇ ಹೇಳಿಕೊಂಡ ಕಾರಣಗಳು ಸ್ಪಷ್ಟವಾಗಿವೆ. ಕೇಳಲು ಬಂದವರು ವಾದಕನ ಬೆರಳನ್ನೋ ಮುಖವನ್ನೋ ನೋಡುತ್ತ ಕುಳಿತರೆ ಕಿವಿ ಮಂಕಾಗುತ್ತದೆ, ವಾದಕನ ಮುಖದಲ್ಲಿ ಕಾಣುವುದು ಅವನ ಶ್ರಮವೇ ಹೊರತು ಸಂಗೀತವಲ್ಲ ಎಂಬುದು ಒಂದು. ಸ್ವರಪುಸ್ತಕವನ್ನು ಎದುರಿಗಿಟ್ಟುಕೊಂಡು ನುಡಿಸುವುದು ಹೆಚ್ಚು ಪ್ರಾಮಾಣಿಕವಾದದ್ದು, ರಚನಕಾರ ಬರೆದದ್ದು ಕಣ್ಣೆದುರಿಗೇ ಇರುವಾಗ ಕೈ ತನ್ನಿಷ್ಟಕ್ಕೆ ಓಡುವುದಿಲ್ಲ ಎಂಬುದು ಇನ್ನೊಂದು. ಮೂರನೆಯದನ್ನು ಕೇಳಿದರೆ ಯಾವ ಸಂಗೀತಗಾರನಿಗೂ ಮೈ ಜುಮ್ಮೆನ್ನಬೇಕು. ಸ್ವರವನ್ನು ಕೇಳಿದೊಡನೆ ಇದು ಇಂಥದೇ ಎಂದು ಗುರುತಿಸುವ ಶಕ್ತಿ ಅವರ ಕಿವಿಗೆ ಹುಟ್ಟಿನಿಂದಲೇ ಇತ್ತು. ವಯಸ್ಸಾಗುತ್ತ ಬಂದಂತೆ ಆ ಕಿವಿ ಸ್ಥಾನ ತಪ್ಪಿ, ಪ್ರತಿಯೊಂದು ಸ್ವರವೂ ಇರುವುದಕ್ಕಿಂತ ಮೇಲಿನದಾಗಿ ಕೇಳಿಸತೊಡಗಿತು. ಬೆರಳು ಒತ್ತಿದ್ದು ಒಂದು, ಕಿವಿ ಹೇಳುವುದು ಇನ್ನೊಂದು ಎಂದಾದಾಗ ನೆನಪಿನಿಂದ ನುಡಿಸುವವರ ಕೈ ಕಿವಿಯ ಹಿಂದೆ ಹೋಗಿ ದಾರಿ ತಪ್ಪುತ್ತದೆ. ಆಗ ನೆಚ್ಚಬಹುದಾದದ್ದು ಕಾಗದದ ಮೇಲಿನ ಬರಹವೊಂದನ್ನೇ.

ಇದನ್ನು ನಾನು ದೂರದಿಂದ ಹೇಳುತ್ತಿಲ್ಲ. ಪಿಯಾನೊ ನುಡಿಸುವುದು ನನ್ನ ವೃತ್ತಿ. ಹೆಚ್ಚಾಗಿ ಗಾಯಕರಿಗೆ ಸಾಥ್ ಕೊಡುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಏಕವಾದನ ಕಛೇರಿಯಲ್ಲಿ, ನೂರಾರು ಸಲ ನುಡಿಸಿದ್ದ ಬಾಖ್ ಫ್ಯೂಗ್ (ಹಲವು ಧ್ವನಿಗಳು ಒಂದೇ ರಾಗವನ್ನು ಒಂದರ ಹಿಂದೊಂದು ಎತ್ತಿಕೊಳ್ಳುವ ರಚನೆ) ಒಂದರ ನಡುವೆ ಎಡಗೈ ಇದ್ದಕ್ಕಿದ್ದಂತೆ ಖಾಲಿಯಾಯಿತು. ಹಿಂದಿನ ಒಂದು ಜಾಗಕ್ಕೆ ಮರಳಿ ಮತ್ತೆ ಹಿಡಿದುಕೊಂಡೆನಾದರೂ, ಆ ಬಳಿಕ ಸಂಜೆಯ ಉಳಿದ ಭಾಗವಿಡೀ ನಾನು ಕೇಳಿಸಿಕೊಂಡದ್ದು ನನ್ನ ಭಯವನ್ನೇ ಹೊರತು ಬಾಖ್ ಅವರನ್ನಲ್ಲ. ಮುಂದಿನ ಕಛೇರಿಗೆ ಪುಸ್ತಕವನ್ನೂ ಸಣ್ಣ ದೀಪವನ್ನೂ ಇಟ್ಟುಕೊಂಡೆ, ಪುಟ ತಿರುಗಿಸಲು ಪಕ್ಕದಲ್ಲೊಬ್ಬರನ್ನು ಕೂರಿಸಿಕೊಂಡೆ. ದೀಪದ ಬೆಳಕು ಕಾಗದದ ಬಿಳಿಯ ಮೇಲೆ ಬಿದ್ದು ಕೀಲಿಗಳ ಅಂಚಿನವರೆಗೆ ಮಾತ್ರ ಬರುತ್ತಿತ್ತು; ಅದರಾಚೆಗೆ ಸಭೆ ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಪುಟ ತಿರುಗುವ ಸದ್ದು, ನನ್ನ ಉಸಿರು, ಸ್ವರ, ಇಷ್ಟೇ. ಬಹಳ ವರ್ಷಗಳ ನಂತರ ಅಂದು ನನಗೆ ಒಳಗಿನ ಧ್ವನಿಗಳು ಬೇರೆ ಬೇರೆಯಾಗಿ ಕೇಳಿಸಿದವು. ರಿಕ್ಟರ್ ಅಡಗಿಕೊಳ್ಳಲು ಕತ್ತಲೆಯನ್ನು ಬೇಡಿದವರಲ್ಲ, ಕೇಳಿಸಿಕೊಳ್ಳಲು ಬೇಡಿದವರು ಎಂದು ನಾನು ಇಷ್ಟು ಗಟ್ಟಿಯಾಗಿ ಹೇಳುವುದು ಆ ಸಂಜೆಯ ಬಲದಿಂದ.

ತನ್ನನ್ನು ಹಿಂದಕ್ಕೆ ಸರಿಸಿಕೊಳ್ಳುವ ಈ ಗುಣ ಅವರ ಆಯ್ಕೆಗಳಲ್ಲಿ ಮೊದಲಿನಿಂದಲೂ ಇದ್ದದ್ದೇ. ಬೀಥೋವನ್ ಅವರ 32 ಸೊನಾಟಾಗಳಲ್ಲಿ ಅವರು ನುಡಿಸಿದ್ದು 22ನ್ನು ಮಾತ್ರ. ಎಲ್ಲರೂ ನುಡಿಸುವ "ಮೂನ್‌ಲೈಟ್" ಮತ್ತು "ವಾಲ್ಡ್‌ಸ್ಟೈನ್" ಅದರಲ್ಲಿಲ್ಲ. ನಾಲ್ಕನೆಯ ಮತ್ತು ಐದನೆಯ ಕನ್ಸರ್ಟೊಗಳನ್ನೂ ಅವರು ಮುಟ್ಟಲಿಲ್ಲ. ಎಂಬತ್ತರಷ್ಟು ಬೇರೆ ಬೇರೆ ಕಛೇರಿಗಳಿಗೆ ಸಾಲುವಷ್ಟು ಕೃತಿಗಳು ಕೈಯಲ್ಲಿದ್ದ ವ್ಯಕ್ತಿ, ಪಟ್ಟಿಯನ್ನು ಪೂರ್ತಿ ಮಾಡುವ ಆಸೆಗೆ ಒಂದನ್ನೂ ನುಡಿಸಲಿಲ್ಲ.

ಕೇಳುವ ವಿಷಯಕ್ಕೆ ಬಂದರೆ, ಸೋಫಿಯಾ ಕಛೇರಿಯ ನಂತರ ಶೂಬರ್ಟ್ ಅವರ ಕೊನೆಯ ಸೊನಾಟಾವನ್ನು, ಬಿ ಫ್ಲ್ಯಾಟ್ ಮೇಜರಿನದನ್ನು, ಕೇಳಿ. ಮೊದಲ ಭಾಗವನ್ನು, ಅದರ ಆರಂಭದ ಪಾಲನ್ನು ಮತ್ತೊಮ್ಮೆ ನುಡಿಸುವ ಮರುನುಡಿಕೆಯನ್ನೂ ಸೇರಿಸಿ, ಉಳಿದವರು ಹೆಚ್ಚುಕಡಿಮೆ ಇಪ್ಪತ್ತು ನಿಮಿಷದಲ್ಲಿ ಮುಗಿಸಿದರೆ ರಿಕ್ಟರ್ ಇಪ್ಪತ್ನಾಲ್ಕು ನಿಮಿಷ ದಾಟಿಸುತ್ತಾರೆ. ಶಾಂತವಾದ ಮೊದಲ ಸಾಲು ಮುಗಿದೊಡನೆ, ಎಂಟನೆಯ ಬಾರಿನಲ್ಲಿ (ಬಾರು ಎಂದರೆ ಸ್ವರಪುಸ್ತಕದಲ್ಲಿ ಗೆರೆಗಳಿಂದ ಬೇರ್ಪಡಿಸಿದ ಒಂದು ತಾಳಖಂಡ), ಎಡಗೈಯಲ್ಲಿ ತುಂಬ ಕೆಳಗಿನ ಜಿ ಫ್ಲ್ಯಾಟ್ ಸ್ವರದ ಮೇಲೆ ಒಂದು ಟ್ರಿಲ್, ಅಂದರೆ ಅಕ್ಕಪಕ್ಕದ ಎರಡು ಸ್ವರಗಳ ವೇಗದ ಅದಲುಬದಲು, ಬರುತ್ತದೆ. ಅದನ್ನು ಅತಿ ಮೆಲ್ಲಗೆ ನುಡಿಸಬೇಕೆಂದು ಶೂಬರ್ಟ್ ಬರೆದಿದ್ದಾರೆ. ರಿಕ್ಟರ್ ಕೈಯಲ್ಲಿ ಅದು ದೂರದಲ್ಲೆಲ್ಲೋ ಮೋಡ ಗುಡುಗಿ ಸುಮ್ಮನಾದಂತೆ ಕೇಳಿಸುತ್ತದೆ. ಮರುನುಡಿಕೆಗೆ ಮರಳುವ ಮೊದಲು ಬರುವ ಒಂಬತ್ತು ಬಾರುಗಳಲ್ಲಿ ಅದೇ ಟ್ರಿಲ್ ಒಂದೇ ಒಂದು ಸಲ ಭಯ ಹುಟ್ಟಿಸುವಷ್ಟು ಜೋರಾಗಿ ಬರುತ್ತದೆ; ಮರುನುಡಿಕೆಯನ್ನು ಬಿಟ್ಟು ನುಡಿಸುವವರಲ್ಲಿ ಆ ಬಾರುಗಳು ಇಡಿಯಾಗಿ ಇಲ್ಲವಾಗುತ್ತವೆ. ಶೂಬರ್ಟ್ ಅವರ ಪುನರಾವರ್ತನೆಗಳನ್ನು ಇಷ್ಟಪಡದಿದ್ದ ಕೆನಡಾದ ಪಿಯಾನೊ ವಾದಕ ಗ್ಲೆನ್ ಗೂಲ್ಡ್ 1957ರಲ್ಲಿ ಮಾಸ್ಕೋದಲ್ಲಿ ಇದೇ ಸೊನಾಟಾವನ್ನು ರಿಕ್ಟರ್ ಕೈಯಲ್ಲಿ ಕೇಳಿ ಮೈಮರೆತದ್ದಾಗಿ ಆಮೇಲೆ ಹೇಳಿಕೊಂಡಿದ್ದಾರೆ.

ಮಂದ್ರ:

ಕಿವಿಯ ತೊಂದರೆಯ ಸಂಗತಿಯನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬರೆದದ್ದು ತಪ್ಪಾಯಿತು. ಕಪ್ಪು ಬಿಳುಪು ಅವರಿಗೆ ಕೃತಜ್ಞನಾಗಿದ್ದೇನೆ. ಆದರೂ ಒಂದು ಮಾತನ್ನು ಸೇರಿಸಬೇಕೆನ್ನಿಸುತ್ತದೆ. ಕತ್ತಲೆಗೆ ಮೊದಲೇ ಅವರು ದೊಡ್ಡ ಸಭಾಂಗಣಗಳಿಂದ ದೂರ ಸರಿಯತೊಡಗಿದ್ದರು. 1964ರಲ್ಲಿ ಫ್ರಾನ್ಸಿನ ತೂರ್ ನಗರದ ಬಳಿ, ಹದಿಮೂರನೆಯ ಶತಮಾನದ ಒಂದು ಕಣಜದಲ್ಲಿ, ಮರದ ತೊಲೆಗಳ ಕೆಳಗೆ ಸಂಗೀತೋತ್ಸವವನ್ನು ಆರಂಭಿಸಿದರು. 1970ರ ನಂತರ ಅಮೆರಿಕಕ್ಕೆ ಕಾಲಿಡಲಿಲ್ಲ. 1981ರಲ್ಲಿ ಮಾಸ್ಕೋದ ಪುಷ್ಕಿನ್ ವಸ್ತುಸಂಗ್ರಹಾಲಯದಲ್ಲಿ ಚಿತ್ರಗಳ ನಡುವೆ ಕುಳಿತು ಕೇಳುವ "ಡಿಸೆಂಬರ್ ಸಂಜೆಗಳು" ಶುರುವಾದದ್ದೂ ಅವರಿಂದ. 1986ರಲ್ಲಿ, ವಿಮಾನವೆಂದರೆ ಆಗದ ಆ ಎಪ್ಪತ್ತೊಂದರ ಹಿರಿಯರು, ಸೈಬೀರಿಯಾದ ಉದ್ದಕ್ಕೂ ನೆಲದ ಮೇಲೆಯೇ ತಿಂಗಳುಗಟ್ಟಲೆ ಸಾಗಿ, ಕಛೇರಿಗೆಂದು ಕಟ್ಟಿದ ಕಟ್ಟಡವೇ ಇಲ್ಲದ ಊರುಗಳಲ್ಲಿಯೂ ನುಡಿಸಿದರು. ಹಾಗಾದರೆ ಅವರು ಓಡಿಹೋದದ್ದು ಜನರಿಂದಲ್ಲ, ಜನ ಕಟ್ಟಿದ ಪೀಠದಿಂದ ಎಂದು ನನ್ನ ಮಾತನ್ನು ತಿದ್ದಿಕೊಳ್ಳುತ್ತೇನೆ. 1940ರ ದಶಕದಿಂದ ಕೊನೆಯವರೆಗೆ ಅವರ ಜೊತೆಗಿದ್ದ ಗಾಯಕಿ ನೀನಾ ಡೋರ್ಲಿಯಾಕ್ ಅವರಿಗೆ ಪಿಯಾನೊ ಸಾಥ್ ಕೊಡುತ್ತ ಅವರು ಕಳೆದ ವರ್ಷಗಳನ್ನೂ ಇದೇ ಬೆಳಕಿನಲ್ಲಿ ನೋಡಬೇಕು. ಮುಂದಿನ ಕುರ್ಚಿ ಬೇಕೇ ಬೇಕೆನ್ನುವವರಿಗೆ ಆ ಕೆಲಸ ಹಿಡಿಸುವುದಿಲ್ಲ.

ಪಿಯಾನೊ ವಿದ್ಯಾರ್ಥಿ:

ಉತ್ತರಿಸಿದ ಮೂವರಿಗೂ ಮನಸಾರೆ ವಂದನೆಗಳು. ಎರಡು ವಾರ ಕೇಳಿ, ಆಮೇಲೆ ಬರೆಯುತ್ತಿದ್ದೇನೆ.

ಸೋಫಿಯಾ ಕಛೇರಿಯಲ್ಲಿ ಕೆಮ್ಮು ಮರೆಯಾಗುತ್ತದೆಂಬ ಮಾತು ನನ್ನ ಪಾಲಿಗೆ ಮಹಾದ್ವಾರಕ್ಕಿಂತ ಮೊದಲೇ, ಎತ್ತಿನ ಬಂಡಿಯ ಭಾಗದಲ್ಲೇ ನಿಜವಾಯಿತು. ಶೂಬರ್ಟ್ ಮಾತ್ರ ಮೊದಲ ಸಲ ಹಿಡಿತಕ್ಕೆ ಸಿಗಲಿಲ್ಲ. ಇಷ್ಟು ನಿಧಾನವನ್ನು ತಾಳಿಕೊಳ್ಳಲಾಗದೆ ಎದ್ದುಬಿಟ್ಟೆ. ಮೂರನೆಯ ಸಲ ಕೋಣೆಯ ದೀಪ ಆರಿಸಿ, ಸ್ವರಪುಸ್ತಕದ ಮೊದಲ ಪುಟವನ್ನು ಮಾತ್ರ ಬೆಳಕಿನಲ್ಲಿಟ್ಟುಕೊಂಡು ಕುಳಿತೆ. ಎಂಟನೆಯ ಬಾರಿನ ಟ್ರಿಲ್ ಕೇಳಿಸಿತು. ಅದಕ್ಕಿಂತ ಹೆಚ್ಚಾಗಿ ಅದರ ಬೆನ್ನಿಗೆ ಬರುವ ಮೌನ ಕೇಳಿಸಿತು. ಕಾಗದದ ಮೇಲೆ ಅದು ವಿರಾಮದ ಒಂದು ಸಣ್ಣ ಗುರುತು, ಅವರ ಕೈಯಲ್ಲಿ ಅದು ಉಸಿರು ಹಿಡಿದು ಕಾಯುವಂತೆ ಮಾಡುತ್ತದೆ. ಆ ಎಂಟು ಬಾರುಗಳನ್ನು ಹಾಗೂ ಹೀಗೂ ನನ್ನ ಕೈಯಲ್ಲೂ ನುಡಿಸಬಹುದೆಂದು ಗೊತ್ತಾಯಿತು. ನಿನ್ನೆಯಿಂದ ಅದನ್ನೇ ಕಲಿಯುತ್ತಿದ್ದೇನೆ. ನಾಲ್ಕನೆಯ ಮತ್ತು ಐದನೆಯ ಬೆರಳಿನಲ್ಲಿ ಟ್ರಿಲ್ ಮೆಲ್ಲಗೆ ಬರುತ್ತಿಲ್ಲ, ಒತ್ತಿದರೆ ಜೋರಾಗುತ್ತದೆ, ಒತ್ತದಿದ್ದರೆ ಸ್ವರವೇ ಹುಟ್ಟುವುದಿಲ್ಲ. ಕಪ್ಪು ಬಿಳುಪು ಅವರೇ, ಇಲ್ಲಿ ಯಾವ ಬೆರಳುಗಳನ್ನು ಬಳಸುವುದು ಒಳ್ಳೆಯದು?

ಕಪ್ಪು ಬಿಳುಪು:

ಎಡಗೈಯ ಎರಡನೆಯ ಮತ್ತು ಮೂರನೆಯ ಬೆರಳುಗಳಲ್ಲಿ ಪ್ರಯತ್ನಿಸಿ, ಅಲ್ಲಿ ಕೈ ಎಳೆದಂತಾದರೆ ಒಂದು ಮತ್ತು ಮೂರನ್ನು ನೋಡಿ. ಬೆರಳನ್ನು ಕೀಲಿಯಿಂದ ಪೂರ್ತಿಯಾಗಿ ಎತ್ತಬೇಡಿ. ಕೀಲಿ ಅರ್ಧ ಮೇಲೆದ್ದಾಗಲೇ ಮತ್ತೆ ಒತ್ತಿದರೆ ಸ್ವರ ಹುಟ್ಟುತ್ತದೆ, ಹೊಡೆತ ಕೇಳಿಸುವುದಿಲ್ಲ. ಗ್ರ್ಯಾಂಡ್ ಪಿಯಾನೊ ಅಲ್ಲದ ವಾದ್ಯದಲ್ಲಿ ಇದು ಸ್ವಲ್ಪ ಕಷ್ಟ, ಆದ್ದರಿಂದ ಸದ್ದು ಅಲ್ಲಲ್ಲಿ ಬಿಟ್ಟುಹೋದರೆ ಎದೆಗುಂದಬೇಡಿ. ಮೊದಲು ಟ್ರಿಲ್ ಇಲ್ಲದೆ ಆ ಒಂದೇ ಸ್ವರವನ್ನು ಎಷ್ಟು ಮೆಲ್ಲಗೆ ನುಡಿಸಬಲ್ಲಿರೆಂದು ಹತ್ತಿಪ್ಪತ್ತು ಸಲ ಪರೀಕ್ಷಿಸಿಕೊಂಡು, ಆಮೇಲೆ ಎರಡನೆಯ ಸ್ವರವನ್ನು ಸೇರಿಸಿ.